ಎದುರಿಗೆ ದುಡುಕಿನ ಆಟಗಾರ, ಕೈಯಲ್ಲಿ ಎಕ್ಕದ ಜೋಡಿ: ಆಗ ಆಡುವುದು ಹೇಗೆ?

ಪೋಕರ್ ಮೇಜಿನಲ್ಲಿ ಇಂಥವನೊಬ್ಬ ಇದ್ದೇ ಇರುತ್ತಾನೆ. ಯಾವ ಎಲೆ ಬಂದರೂ ರೇಸ್, ಅಂದರೆ ಬೆಟ್ ಏರಿಸುವುದು. ಬೇರೆಯವರು ರೇಸ್ ಮಾಡಿದರೆ ಅದರ ಮೇಲೆ ಇನ್ನೊಂದು ರೇಸ್. ಟೆಕ್ಸಸ್ ಹೋಲ್ಡೆಮ್ (ಕೈಗೆ ಎರಡು ಎಲೆ, ಮೇಜಿನ ಮೇಲೆ ಎಲ್ಲರಿಗೂ ಸೇರಿದ ಐದು ಎಲೆ ಬೀಳುವ ಪೋಕರ್) ಆಡುವವರು ಇವನನ್ನು ಮೇನಿಯಾಕ್ ಅನ್ನುತ್ತಾರೆ. ಇವನ ಎದುರು ಒಳ್ಳೆ ಎಲೆ ಬಂದಾಗಲೇ ಜಾಸ್ತಿ ಜನ ಎಡವುತ್ತಾರೆ. ಕೆಲವರು ಖುಷಿಯಲ್ಲಿ ಎಲೆ ಬಚ್ಚಿಟ್ಟು ಆಡಲು ಹೋಗಿ ಮೇಜಿನವರನ್ನೆಲ್ಲ ಒಳಗೆ ಬಿಟ್ಟುಕೊಳ್ಳುತ್ತಾರೆ, ಇನ್ನು ಕೆಲವರು ಎರಡನೇ ಬೆಟ್‌ವರೆಗೆ ಧೈರ್ಯವಾಗಿದ್ದು ಮೂರನೆಯದಕ್ಕೆ ಹೆದರಿ ಗೆಲ್ಲುವ ಎಲೆಯನ್ನೇ ಎಸೆದುಬಿಡುತ್ತಾರೆ. ಈ ಎರಡನೇ ತಪ್ಪು ನನಗೆ ಚೆನ್ನಾಗಿ ಗೊತ್ತು. ಅದನ್ನು ಬಿಡಿಸಿಕೊಳ್ಳಲಿ ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಮೊದಲು, ಅವನು ನಿಜಕ್ಕೂ ಅಂಥವನಾ ನೋಡಿ

ಮೂರು ಆಟ ಸತತ ರೇಸ್ ಮಾಡಿದ ಅಂತ ತೀರ್ಮಾನಕ್ಕೆ ಬರಬೇಡಿ. ಒಳ್ಳೆ ಎಲೆ ಮೂರು ಸಲ ಸತತವಾಗಿ ಬರುವುದೂ ಉಂಟು. ಇಪ್ಪತ್ತು ಮೂವತ್ತು ಆಟ ಸುಮ್ನೆ ನೋಡುತ್ತಾ ಕೂರಿ. ಕೈಗೆ ಯಾವುದಾದರೂ ಒಂದು ಜೋಡಿ ಬರುವುದೇ ಸರಾಸರಿ 17 ಆಟಕ್ಕೊಮ್ಮೆ. ಎಕ್ಕದ ಜೋಡಿಯಂತೂ 221 ಆಟಕ್ಕೊಮ್ಮೆ. ಹಾಗಿರುವಾಗ ಎರಡು ಆಟಕ್ಕೊಂದು ರೇಸ್ ಮಾಡುವವನ ಹತ್ತಿರ ಪ್ರತಿಸಲ ಒಳ್ಳೆ ಎಲೆ ಇರೋಕೆ ಸಾಧ್ಯವೇ ಇಲ್ಲ, ಅಲ್ವಾ? ಕೊನೆಯಲ್ಲಿ ಎಲೆ ತೋರಿಸುವಾಗ ಅವನು ಏನು ತೋರಿಸಿದ ಅನ್ನುವುದನ್ನು ಮಾತ್ರ ತಪ್ಪದೆ ಗಮನಿಸಿ. ಅಷ್ಟೆಲ್ಲ ಬೆಟ್ ಕಟ್ಟಿ 9-5 ತೋರಿಸಿದರೆ ನಿಮಗೆ ಬೇಕಾದ ಉತ್ತರ ಸಿಕ್ಕ ಹಾಗೆ.

ಜಾಗ ಬದಲಾಯಿಸುವ ಅವಕಾಶ ಇದ್ದರೆ ಅವನ ಎಡಕ್ಕೆ ಕೂರಿ. ಸರದಿ ಎಡಕ್ಕೆ ತಿರುಗುತ್ತದೆ. ಹಾಗಾಗಿ ಹೆಚ್ಚಿನ ಸಲ ಅವನು ಮೊದಲು ಆಡುತ್ತಾನೆ, ಅದನ್ನು ನೋಡಿಕೊಂಡು ನೀವು ಆಡುತ್ತೀರಿ.

ಫ್ಲಾಪ್‌ಗೆ (ಮೇಜಿನ ಮೇಲೆ ಬೀಳುವ ಮೊದಲ ಮೂರು ಎಲೆಗೆ) ಮುಂಚೆ: ಅವನನ್ನು ಒಂಟಿ ಮಾಡಿ

ಎಕ್ಕ, ರಾಜ ಅಥವಾ ರಾಣಿ ಜೋಡಿ ಬಂತು, ಅವನು ಎಂದಿನಂತೆ ರೇಸ್ ಮಾಡಿದ. ಇಲ್ಲಿ ಬರೀ ಕಾಲ್ ಮಾಡಿ (ಅವನು ಇಟ್ಟಷ್ಟನ್ನೇ ಇಟ್ಟು) ಬಲೆ ಹಾಕೋಣ ಅನ್ನಿಸುತ್ತದೆ. ಬೇಡ. ಅವನು ಇಟ್ಟದ್ದರ ಮೂರರಷ್ಟಕ್ಕೆ ರೇಸ್ ಮಾಡಿ. ಯಾಕೆ ಅಂದರೆ, ಎಕ್ಕದ ಜೋಡಿ ಯಾವುದೋ ಎರಡು ಎಲೆ ಹಿಡಿದ ಒಬ್ಬನ ಎದುರು 100ಕ್ಕೆ ಸುಮಾರು 85 ಸಲ ಗೆಲ್ಲುತ್ತದೆ. ಅದೇ ಜೋಡಿ ಅಂಥ ನಾಲ್ವರ ಎದುರು ಗೆಲ್ಲುವುದು 56 ಸಲ ಮಾತ್ರ. ನೀವು ಬರೀ ಕಾಲ್ ಮಾಡಿದರೆ ಹಿಂದಿರುವವರೆಲ್ಲ ಕಡಿಮೆ ಬೆಲೆಗೆ ಒಳಗೆ ಬರುತ್ತಾರೆ. ದೊಡ್ಡದಾಗಿ ರೇಸ್ ಮಾಡಿದರೆ ಅವರು ಎಲೆ ಕೆಳಗಿಡುತ್ತಾರೆ. ಮೇನಿಯಾಕ್ ಮಾತ್ರ ಇಡುವುದಿಲ್ಲ. ನಮಗೆ ಬೇಕಾದ್ದೂ ಅದೇ.

ಎಕ್ಕ-ರಾಜ ಬಂದರೂ ಹೀಗೇ ಆಡಿ. 5-5 ಥರದ ಸಣ್ಣ ಜೋಡಿಗೆ ಅಷ್ಟು ದುಡ್ಡು ಹಾಕಬೇಡಿ. ಫ್ಲಾಪ್‌ನಲ್ಲಿ ಅದು ಸೆಟ್ (ಅದೇ ಅಂಕಿಯ ಮೂರು ಎಲೆ) ಆಗುವುದು ಎಂಟೂವರೆ ಸಲಕ್ಕೊಮ್ಮೆ.

ಫ್ಲಾಪ್ ಆದಮೇಲೆ: ಹಗ್ಗ ಅವನ ಕೈಯಲ್ಲೇ ಇರಲಿ

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಇಬ್ಬರ ಹತ್ತಿರವೂ 200 ಚಿಪ್ಸ್, ಬ್ಲೈಂಡ್ (ಎಲೆ ನೋಡುವ ಮುಂಚೆಯೇ ಇಬ್ಬರು ಇಡಲೇಬೇಕಾದ ಬೆಟ್) 1 ಮತ್ತು 2 ಅಂದುಕೊಳ್ಳಿ. ಅವನು 12 ಇಟ್ಟ, ನೀವು ರಾಣಿ ಜೋಡಿ ಹಿಡಿದು 36 ಇಟ್ಟಿರಿ. ಉಳಿದವರೆಲ್ಲ ಹೊರಗೆ, ಅವನು ಕಾಲ್ ಮಾಡಿದ. ಪಾಟ್‌ನಲ್ಲಿ, ಅಂದರೆ ನಡುವಿನ ರಾಶಿಯಲ್ಲಿ, ಬ್ಲೈಂಡ್‌ನ 3 ಸೇರಿ ಈಗ 75. ಫ್ಲಾಪ್‌ನಲ್ಲಿ ರಾಜ, 7, 2 ಬಿತ್ತು, ಮೂರೂ ಬೇರೆ ಬೇರೆ ಗುರುತಿನವು (ಇಸ್ಪೀಟ್, ಆಟೀನ್ ಹೀಗೆ). ಅವನು 40 ಕಟ್ಟಿದ.

ಇಲ್ಲಿ ರೇಸ್ ಮಾಡಿದರೆ ಏನಾಗುತ್ತದೆ? ಏನೂ ಇಲ್ಲದೆ ಬ್ಲಫ್ ಮಾಡುತ್ತಿದ್ದರೆ ಎಸೆದು ಹೋಗುತ್ತಾನೆ, ರಾಜ ಇದ್ದರೆ ಉಳಿದುಕೊಳ್ಳುತ್ತಾನೆ. ಸೋಲುವವನನ್ನು ಕಳಿಸಿ ಗೆಲ್ಲುವವನನ್ನು ಉಳಿಸಿಕೊಂಡ ಹಾಗಾಯಿತು. ಅದಕ್ಕೇ ಕಾಲ್ ಮಾಡಿ, ಸುಮ್ಮನಿರಿ. ಟರ್ನ್‌ನಲ್ಲಿ, ಅಂದರೆ ನಾಲ್ಕನೇ ಎಲೆಯಾಗಿ, 4 ಬಿತ್ತು. ಅವನು ಉಳಿದ 124 ಚಿಪ್ಸನ್ನೂ ಒಮ್ಮೆಲೇ ಮುಂದೆ ತಳ್ಳಿದ.

ಎದೆ ಹೊಡೆದುಕೊಳ್ಳುವುದು ಇಲ್ಲೇ. ನಾನು ಹೊಸದಾಗಿ ಆಡುವಾಗ ಇಂಥದ್ದೇ ಜಾಗದಲ್ಲಿ ರಾಣಿ ಜೋಡಿ ಎಸೆದು, ಆಮೇಲೆ ಅವನ ಕೈಯಲ್ಲಿ ಏನೂ ಇರಲಿಲ್ಲ ಅಂತ ಗೊತ್ತಾಗಿ ರಾತ್ರಿಯೆಲ್ಲ ಅದನ್ನೇ ಯೋಚಿಸಿದ್ದೆ. ಲೆಕ್ಕ ಹಾಕೋದನ್ನು ಕಲಿತದ್ದು ಅದಾದ ಮೇಲೆಯೇ. ಪಾಟ್‌ನಲ್ಲಿದ್ದ 155ಕ್ಕೆ ಅವನ 124 ಸೇರಿ 279 ಆಯಿತು. ಅದನ್ನು ಗೆಲ್ಲಲು ನೀವು ಇಡಬೇಕಾದ್ದು 124, ಆಗ ಒಟ್ಟು 403. ಅಂದರೆ 100ಕ್ಕೆ 31 ಸಲ ಗೆದ್ದರೂ ನಿಮಗೆ ನಷ್ಟವಿಲ್ಲ. ಈಗ ಅವನ ಎಲೆ ನೋಡೋಣ. ಯಾವುದೋ ಎರಡು ಎಲೆಯಲ್ಲಿ ಒಂದಾದರೂ ರಾಜ ಇರುವುದು ಈ ಬೋರ್ಡ್‌ನಲ್ಲಿ (ಮೇಜಿನ ಮೇಲೆ ಬಿದ್ದ ಎಲೆಗಳಲ್ಲಿ) 100ಕ್ಕೆ ಸುಮಾರು 13 ಸಲ. ರಾಜ ಬಂದರೆ ಅವನೂ ಬಿಡುವುದಿಲ್ಲ, ಹಾಗಾಗಿ ಅದನ್ನು ಎರಡರಷ್ಟು ಮಾಡಿ. ಎಕ್ಕದ ಜೋಡಿ, ಸೆಟ್, ಎರಡು ಜೋಡಿ ಎಲ್ಲವನ್ನೂ ಸೇರಿಸಿದರೂ ಅವನು ಮೂರರಲ್ಲಿ ಒಂದು ಸಲದಷ್ಟು ಮುಂದಿರಬಹುದು. ಉಳಿದ ಎರಡು ಸಲ ಮುಂದಿರುವವರು ನೀವು. ರಿವರ್‌ನಲ್ಲಿ, ಅಂದರೆ ಕೊನೆಯ ಐದನೇ ಎಲೆಯಲ್ಲಿ, ಅವನಿಗೆ ಅದೃಷ್ಟದ ಎಲೆ ಬೀಳುವುದನ್ನು ಕಳೆದರೂ ಕಾಲ್ ಮಾಡುವುದೇ ಸರಿ. ಶಾಂತವಾಗಿ ಆಡುವ ಎದುರಾಳಿ ಹೀಗೆ ತಳ್ಳಿದ್ದರೆ ನಾನೂ ಎಸೆಯುತ್ತಿದ್ದೆ. ಇವನು ಅವನಲ್ಲ.

ಬೋರ್ಡ್ ಒದ್ದೆ ಇದ್ದರೆ (ಎದುರಾಳಿಯ ಎಲೆ ಸುಧಾರಿಸುವ ಸಾಧ್ಯತೆ ಜಾಸ್ತಿ ಇದ್ದರೆ) ಕಾಯಬೇಡಿ

ಎಕ್ಕದ ಜೋಡಿ ಇದೆ, ಫ್ಲಾಪ್‌ನಲ್ಲಿ 9, 8, 7 ಬಿತ್ತು, ಅದರಲ್ಲಿ ಎರಡು ಇಸ್ಪೀಟ್ (ಸ್ಪೇಡ್) ಗುರುತಿನವು. ಈಗ ಮೇಲಿನ ಉಪಾಯ ಕೆಲಸ ಮಾಡುವುದಿಲ್ಲ. ಫ್ಲಶ್‌ಗೆ (ಒಂದೇ ಗುರುತಿನ ಐದು ಎಲೆಗೆ) ಇನ್ನೊಂದೇ ಎಲೆ ಬೇಕಿರುವವನಿಗೆ ರಿವರ್‌ನೊಳಗೆ ಅದು 100ಕ್ಕೆ 35 ಸಲ ಸಿಗುತ್ತದೆ. ಸ್ಟ್ರೇಟ್‌ಗೂ (ಸಾಲಾಗಿ ಬರುವ ಐದು ಎಲೆಗೂ) ಕಾಯುತ್ತಿದ್ದರೆ ಇನ್ನೂ ಜಾಸ್ತಿ. ಮೂರನೇ ಇಸ್ಪೀಟ್ ಬಿದ್ದರೆ ಏನು ಮಾಡಬೇಕು ಅಂತ ನಿಮಗೂ ತಿಳಿಯುವುದಿಲ್ಲ. ಅವನು ಬೆಟ್ ಕಟ್ಟಿದ ಕೂಡಲೇ ಪೂರ್ತಿ ರೇಸ್ ಮಾಡಿ, ಅರ್ಧಂಬರ್ಧ ಬೇಡ. ಇಂಥವನು ಸಣ್ಣ ಆಸೆ ಇದ್ದರೂ ಬಿಡುವುದಿಲ್ಲ, ಕಾಲ್ ಮಾಡುತ್ತಾನೆ. ಕೆಲವು ಸಲ ನೀವು ಸೋಲುತ್ತೀರಿ. ಸೋಲುವ ಆ ಸಲಗಳೂ ಲೆಕ್ಕದಲ್ಲಿ ಸೇರಿದ್ದೇ, ಅದಕ್ಕೇ ಒಂದು ಸಂಜೆ ಹೋದರೂ ತೊಂದರೆಯಾಗದಷ್ಟು ದುಡ್ಡನ್ನು ಮಾತ್ರ ಮೇಜಿಗೆ ತನ್ನಿ.

ಬ್ಲಫ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅವನ ಮೇಲೆ ಮಾಡಬೇಡಿ, ಅವನು ಸುಲಭಕ್ಕೆ ಎಸೆಯುವವನಲ್ಲ. ಆದರೆ ಅವನು ಚೆಕ್ ಮಾಡಿದರೆ (ಬೆಟ್ ಕಟ್ಟದೆ ಸರದಿ ಮುಂದೆ ಬಿಟ್ಟರೆ) ನೀವು ಬೆಟ್ ಕಟ್ಟಿ. ಬೇರೆಯವರ ಎದುರು ಹಿಂಜರಿಯುವಂಥ ಜೋಡಿ ಇದ್ದರೂ ಕಟ್ಟಿ, ಏನೇನೋ ಹಿಡಿದು ಕಾಲ್ ಮಾಡುತ್ತಾನೆ.

ಮೂರನೆಯವನ ಮೇಲೆ ಕಣ್ಣಿರಲಿ

ಮೇನಿಯಾಕ್ ಮೇಲೇ ಗಮನ ಇಟ್ಟಾಗ ತಪ್ಪಿಹೋಗುವುದು ಇದೊಂದು. ಅವನು ರೇಸ್ ಮಾಡಿದ, ನೀವು ರಾಣಿ ಜೋಡಿ ಹಿಡಿದು ಮತ್ತೆ ರೇಸ್ ಮಾಡಿದಿರಿ. ಅಷ್ಟರಲ್ಲಿ ಸಂಜೆಯಿಂದ ಎರಡೇ ಎರಡು ಆಟ ಆಡಿದ್ದ ಮೂಲೆಯ ಮನುಷ್ಯ ಇನ್ನೂ ದೊಡ್ಡದಾಗಿ ರೇಸ್ ಮಾಡಿದ. ನೀವು ನೋಡಿದ್ದನ್ನೇ ಅವನೂ ನೋಡಿದ್ದಾನೆ, ಇಷ್ಟು ಹೊತ್ತು ನಿಮ್ಮಂತೆಯೇ ಕಾದಿದ್ದಾನೆ. ಅವನ ಕೈಯಲ್ಲಿ ಎಕ್ಕ ಅಥವಾ ರಾಜರ ಜೋಡಿ ಇದೆ ಅಂತಲೇ ತಿಳಿಯಿರಿ. ಆಗ ರಾಣಿ ಜೋಡಿಯನ್ನು ಕೆಳಗಿಡಿ.