ಸೀಸದ ಕಿಟಕಿ: ಒಡೆದ ಒಂದೇ ಗಾಜನ್ನು ಬದಲಿಸುವುದು ಹೇಗೆ?

ಅಮೆರಿಕದ ನೂರು ವರ್ಷ ದಾಟಿದ ಮನೆಗಳಲ್ಲಿ ಮುಂಬಾಗಿಲ ಪಕ್ಕ, ಮೆಟ್ಟಿಲ ತಿರುವಿನಲ್ಲಿ ಸೀಸದ ಪಟ್ಟಿಗಳ ನಡುವೆ ಗಾಜಿನ ತುಂಡು ಕೂರಿಸಿದ ಕಿಟಕಿಗಳಿರುತ್ತವೆ. ಒಂದು ತುಂಡು ಬಿರುಕು ಬಿಟ್ಟರೆ ಇಡೀ ಕಿಟಕಿ ಬಿಚ್ಚುವವರಿದ್ದಾರೆ. ಅದರ ಅಗತ್ಯವಿಲ್ಲ.

ಮೊದಲು ಪಟ್ಟಿಯನ್ನು ಮೂಲೆಯಲ್ಲಿ ಉಗುರಿನಿಂದ ಗೀರಿ. ಗುರುತು ಬಿದ್ದರೆ ಸೀಸ. ಬೀಳದೆ ಗಡುಸಾಗಿದ್ದರೆ ಬಹುಶಃ ಸತು. ಅಮೆರಿಕದ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ತಮ್ಮ ಪ್ರೇರಿ ಶೈಲಿಯ ಮನೆಗಳಿಗೆ ಹೆಚ್ಚಾಗಿ ಅದನ್ನೇ ಬಳಸಿದರು. ಸತು ಮಡಚಿಕೊಳ್ಳುವುದಿಲ್ಲ, ಅದನ್ನು ಕಸುಬುದಾರರಿಗೇ ಬಿಡಿ.

ಸೀಸವಾದರೆ ಕೈಗವಸು ಹಾಕಿಕೊಳ್ಳಿ. ಒಣಗಿರುವಾಗ ಉಜ್ಜಬೇಡಿ, ದೂಳನ್ನು ಒದ್ದೆ ಬಟ್ಟೆಯಲ್ಲೇ ಒರೆಸಿ. 1978ಕ್ಕಿಂತ ಹಳೆಯ ಮನೆಯಾದರೆ ಚೌಕಟ್ಟಿನ ಬಣ್ಣದಲ್ಲೂ ಸೀಸವಿರಬಹುದು. ಕಿಟಕಿಯನ್ನು ನಿಲ್ಲಿಸಿಕೊಂಡೇ ಹೊತ್ತೊಯ್ಯಿರಿ; ಅಡ್ಡ ಹಿಡಿದರೆ ತನ್ನ ಭಾರಕ್ಕೇ ಜೋತು, ಬೆಸುಗೆ ಬಿಡುತ್ತದೆ.

ಮೇಜಿನ ಮೇಲೆ ಮಲಗಿಸಿ, ತೆಳು ಕಾಗದ ಹಾಸಿ, ಪೆನ್ಸಿಲಿನಿಂದ ಉಜ್ಜಿ ಅಚ್ಚು ತೆಗೆದಿಟ್ಟುಕೊಳ್ಳಿ. ಒಡೆದ ತುಂಡಿನ ಸುತ್ತ ಪಟ್ಟಿಯ ಮೇಲಂಚನ್ನು ಮೂಲೆಗಳಲ್ಲಿ ಓರೆಯಾಗಿ ಕತ್ತರಿಸಿ, ಮೊಂಡು ಚಾಕುವಿನಿಂದ ಎತ್ತಿ. ಒಂದೇ ಸಲ ನೆಟ್ಟಗೆ ಎತ್ತಿದರೆ ಹಳೆಯ ಸೀಸ ಹರಿಯುತ್ತದೆ. ಸುತ್ತು ಬರುತ್ತಾ ಪ್ರತಿ ಸುತ್ತಿನಲ್ಲೂ ಇಷ್ಟಿಷ್ಟೇ ಎತ್ತಿ, ಮೂರು ನಾಲ್ಕು ಸುತ್ತಾದರೂ ಆಗಲಿ. ಗಾಜಿನ ಮೇಲೆ ಕಟ್ಟರ್‌ನಿಂದ ಅಡ್ಡಡ್ಡ ಗೀರಿ, ಅಂಟುಪಟ್ಟಿ ಮೆತ್ತಿ, ಕೆಳಗಿನಿಂದ ಮೆಲ್ಲನೆ ತಟ್ಟಿ ಬಿಡಿಸಿ. ಪಟ್ಟಿಯಲ್ಲಿ ಗಾಜು ಕೂರುವ ತೋಡಿನಲ್ಲಿ ಕಲ್ಲಾಗಿ ಕುಳಿತ ಹಳೆಯ ಪುಟ್ಟಿಯನ್ನು ಪೂರ್ತಿ ಕೆರೆಯಿರಿ.

ಹೊಸ ಗಾಜಿನ ದಪ್ಪ ಪಕ್ಕದ ತುಂಡಿನಷ್ಟೇ ಇರಲಿ, ಸಾಮಾನ್ಯವಾಗಿ 3 ಮಿ.ಮೀ. ಅಳತೆಯನ್ನು ತೋಡಿನ ಒಳಗೋಡೆಯಿಂದ ಒಳಗೋಡೆಗೆ ತೆಗೆದು, ಸುಮಾರು 1.5 ಮಿ.ಮೀ. ಕಡಿಮೆ ಕತ್ತರಿಸಿ. ಬಿಗಿಯಾಗಿ ಕೂತ ಗಾಜು ಮತ್ತೆ ಬಿರುಕು ಬಿಡುತ್ತದೆ.

ಗಾಜು ಕೂರಿಸಿ, ಅಂಚನ್ನು ಮರದ ತುಂಡಿನಿಂದ ಒತ್ತಿ ಮಡಿಸಿ. ಕತ್ತರಿಸಿದ ಮೂಲೆಗಳನ್ನು ಹೊಳೆಯುವಂತೆ ಕೆರೆಯಿರಿ, ಮಸಿ ಉಳಿದರೆ ಬೆಸುಗೆ ಹಿಡಿಯದೆ ಉಂಡೆಯಾಗಿ ಉರುಳುತ್ತದೆ. ಬೆಸುಗೆ ಹಿಡಿಯಲು ನೆರವಾಗುವ ಓಲಿಕ್ ಆಮ್ಲ ಸವರಿ, 60/40 (60 ಪಾಲು ತವರ, 40 ಪಾಲು ಸೀಸ) ಬೆಸುಗೆ ಹಾಕಿ. ಸೀಸ 327 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತದೆ, ಬೆಸುಗೆ ಹಾಕುವ ಕಾದ ಕಬ್ಬಿಣ ಅದಕ್ಕಿಂತ ಬಿಸಿ. ಒಂದು ಕ್ಷಣ ಮುಟ್ಟಿಸಿ ತೆಗೆಯದಿದ್ದರೆ ಪಟ್ಟಿಯೇ ತೂತಾಗುತ್ತದೆ.

ಕೊನೆಗೆ ಸೀಮೆಸುಣ್ಣದ ಪುಡಿ, ಕಾಯಿಸಿದ ಅಗಸೆ ಎಣ್ಣೆ, ತುಸು ಟರ್ಪೆಂಟೈನ್, ದೀಪದ ಕಾಡಿಗೆ ಕಲಸಿ ಜೋನಿಬೆಲ್ಲದ ಹದಕ್ಕೆ ತಂದು, ಅಂಚಿನಡಿಗೆ ಬ್ರಷ್‌ನಿಂದ ತುಂಬಿ. ಸಿಲಿಕೋನ್ ಬೇಡವೇ ಬೇಡ, ಮುಂದಿನ ಸಲ ಬಿಡಿಸಲಾಗದು. ಮೇಲೆ ಪುಡಿ ಉದುರಿಸಿ ಉಜ್ಜಿ, ಮರುದಿನ ಅಂಚಿನಿಂದ ಹೊರಬಂದ ಹೆಚ್ಚುವರಿಯನ್ನು ಚೂಪು ಕಡ್ಡಿಯಿಂದ ತೆಗೆದು, ಒಂದು ವಾರ ಮಲಗಿಸಿಡಿ. ಎಣ್ಣೆ ಒರೆಸಿದ ಬಟ್ಟೆ ತಾನಾಗಿ ಹೊತ್ತಿಕೊಳ್ಳಬಲ್ಲದು. ಮುದ್ದೆ ಮಾಡಿಡದೆ ಕೂಡಲೇ ನೀರಿಗೆ ಹಾಕಿ.