ಅಜ್ಜಿಯ ನೆನಪಿನಿಂದ ಮನೆತನದ ಬೇರು ಹುಡುಕಿ

ಮನೆತನದ ಕಥೆ ಬೇಕಾದರೆ ದಾಖಲೆಗಿಂತ ಮೊದಲು ಹಿರಿಯರ ಹತ್ತಿರ ಕೂತುಕೊಳ್ಳಿ. ಸುಮ್ನೆ "ಯಾವ ವರ್ಷ ಹುಟ್ಟಿದ್ದು?" ಅಂತ ಕೇಳಿದರೆ ಉತ್ತರ ಸಿಗುವುದಿಲ್ಲ. "ಸ್ವಾತಂತ್ರ್ಯ ಬಂದಾಗ ಅಮ್ಮನ ಸೊಂಟದ ಮೇಲಿದ್ರಾ, ಶಾಲೆಗೆ ಹೋಗ್ತಿದ್ರಾ?" ಅಂತ ಕೇಳಿ, 1947ರಿಂದ ನೀವೇ ಲೆಕ್ಕ ಹಾಕಬಹುದು.

ಅಟ್ಟದ ಮೇಲಿನ ಹಳೇ ಪಾತ್ರೆ ಇಳಿಸಿ. ನಾನು ಹುಣಸೆಹಣ್ಣು ಹಾಕಿ ಉಜ್ಜಿದ ಹಿತ್ತಾಳೆ ಕೊಳಗದ ಅಂಚಲ್ಲಿ ಚುಕ್ಕಿ ಚುಕ್ಕಿಯಾಗಿ ಒಂದು ಹೆಸರು ಕಾಣಿಸಿತು, ಅದನ್ನು ಬೆರಳಲ್ಲಿ ಸವರಿದ ಅಜ್ಜಿ "ಇದು ನಮ್ಮ ಸೋದರಮಾವ ಮದುವೆಗೆ ಕೊಟ್ಟಿದ್ದು" ಅಂತ ಶುರು ಮಾಡಿ, ನಾವು ಕೇಳೇ ಇರದ ಒಂದು ಊರಿನವರೆಗೂ ಹೋದರು. ಎಷ್ಟು ಖುಷಿಯಾಯಿತು ಗೊತ್ತಾ!

ಮಧ್ಯೆ ತಿದ್ದಬೇಡಿ. ಮೊಬೈಲಲ್ಲಿ ರೆಕಾರ್ಡ್ ಮಾಡಿಕೊಳ್ಳಿ, ಒಪ್ಪಿಗೆ ಕೇಳಿಯೇ. ಅಜ್ಜಿಯ ತವರು, ಅವರಮ್ಮನ ತವರು ತಪ್ಪದೇ ಬರೆದುಕೊಳ್ಳಿ, ಹೆಣ್ಣುಮಕ್ಕಳ ಕಡೆಯ ಊರುಗಳೇ ಜಾಸ್ತಿ ಮರೆತುಹೋಗುವುದು.

ಆಮೇಲೆ ಮನೆದೇವರು ಯಾವುದು ಕೇಳಿ. ದೇವಸ್ಥಾನ ದೂರದಲ್ಲಿದ್ದರೆ ಹಿಂದಿನವರು ಆ ಕಡೆಯಿಂದ ಬಂದಿರಬಹುದು. ನಿಮ್ಮೂರಿಗೆ ಹೆಳವರು ಬರುತ್ತಿದ್ದರೆ ಬಿಡಲೇಬೇಡಿ. ಮನೆತನಗಳ ವಂಶಾವಳಿ ಹೇಳುವುದೇ ಅವರ ಪರಂಪರೆಯ ಕೆಲಸ, ಅಜ್ಜಿ ಹೇಳಿದ ಹೆಸರುಗಳನ್ನು ಅವರ ಪುಸ್ತಕದ ಜೊತೆ ಹೋಲಿಸಿ ನೋಡಿ.