ಹಳೆಯ ಬ್ರಶ್ಶಿನ ಹೊಟ್ಟೆಯಿಂದ ಬ್ಯಾಟರಿ ತೆಗೆದದ್ದು

ಕೆಟ್ಟುಹೋದ ಎರಡು ಎಲೆಕ್ಟ್ರಿಕ್ ಟೂತ್‌ಬ್ರಶ್‌ಗಳು ವರ್ಷದಿಂದ ಡ್ರಾಯರಿನಲ್ಲಿ ಬಿದ್ದಿದ್ದವು. ಒಂದರ ಗುಂಡಿ ಒತ್ತಿದರೆ ಅದು ಮುದಿ ದುಂಬಿಯಂತೆ ಗುಂಯ್ ಎಂದು ಸುಮ್ಮನಾಗುತ್ತಿತ್ತು. ಇನ್ನೊಂದಕ್ಕೆ ಅಷ್ಟೂ ತ್ರಾಣವಿರಲಿಲ್ಲ. ಹಿಡಿಕೆಯ ತಳದಲ್ಲಿ ಗಟ್ಟಿಯಾಗಿದ್ದ ಪೇಸ್ಟನ್ನು ಉಗುರಿನಿಂದ ಕೆರೆದಾಗ, ಗಾಲಿಯಿರುವ ಕಸದ ಡಬ್ಬಿಯ ಮೇಲೆ ಅಡ್ಡಗೆರೆ ಎಳೆದ ಚಿತ್ರ ಕಂಡಿತು, ಅಂದರೆ ಮಾಮೂಲಿ ಕಸಕ್ಕೆ ಹಾಕಬೇಡಿ ಎಂಬ ಗುರುತು. ಪಕ್ಕದಲ್ಲೇ ಬ್ಯಾಟರಿಯ ಜಾತಿಯೂ ಇತ್ತು: ಗುಂಯ್ ಎನ್ನುವುದರಲ್ಲಿ ನಿಕಲ್ ಮೆಟಲ್ ಹೈಡ್ರೈಡ್, ಇನ್ನೊಂದರಲ್ಲಿ ಲಿಥಿಯಂ ಅಯಾನ್.

ಈ ಜಾತಿ ನೋಡದೆ ಸ್ಕ್ರೂಡ್ರೈವರ್ ಎತ್ತಬಾರದು. ನಿಕಲ್ ಸೆಲ್ 1.2 ವೋಲ್ಟಿನದು, ಹೆಚ್ಚುಕಡಿಮೆ ಸಾಧು. ಲಿಥಿಯಂ ಸೆಲ್ 3.6 ಅಥವಾ 3.7 ವೋಲ್ಟಿನದು, ಅದರೊಳಗಿನ ದ್ರವವೇ ಉರಿಯುವಂಥದ್ದು. ಚುಚ್ಚಿದರೂ ಜಜ್ಜಿದರೂ ಹೊತ್ತಿಕೊಳ್ಳಬಹುದು. ಕಸದ ಲಾರಿಯಲ್ಲಿ ಎಲ್ಲವನ್ನೂ ಅದುಮುವಾಗ ಬೆಂಕಿ ಏಳುವುದು ಹೀಗೆಯೇ.

ನಿಕಲ್ ಬ್ರಶ್ಶನ್ನೇ ಮೊದಲು ಕೈಗೆತ್ತಿಕೊಂಡೆ. ಉಸಿರು ನಿಲ್ಲುವವರೆಗೂ ಗುಂಡಿ ಒತ್ತಿ ಓಡಿಸಿದೆ. ಆದರೆ ಮೋಟಾರು ನಿಂತಿತೆಂದರೆ ಸೆಲ್ ಬರಿದಾಯಿತೆಂದಲ್ಲ. ಆಮೇಲೆ ಮೀಟರ್ ಹಿಡಿದು ನೋಡಿದಾಗ ಅದರಲ್ಲಿ ಇನ್ನೂ 1.1 ವೋಲ್ಟ್ ಇತ್ತು. ತಳದ ಮುಚ್ಚಳವನ್ನು ತಿರುಗಿಸಿ ಎಳೆದಾಗ ಒಳಗಿನದೆಲ್ಲ ಒಂದೇ ಸರಕಿನಂತೆ ಜಾರಿ ಬಂತು: ಚಾರ್ಜಿನ ತಾಮ್ರದ ಸುರುಳಿ, ಸರ್ಕ್ಯೂಟ್ ಹಲಗೆ, ಮೋಟಾರು, ನಡುವೆ ಸೆಲ್. ನೀರು ನುಗ್ಗಿ ಹಲಗೆಯ ಅಂಚಿನಲ್ಲಿ ಹಸಿರು ಕಿಲುಬು ಕಟ್ಟಿತ್ತು. ಒಮ್ಮೆ ಹೀಗೆ ಬಿಚ್ಚಿದ ಬ್ರಶ್ ಮತ್ತೆ ನೀರು ತಡೆಯುವುದಿಲ್ಲ, ಆದ್ದರಿಂದ ಬಳಸುತ್ತಿರುವುದನ್ನು ಕುತೂಹಲಕ್ಕೆಂದು ತೆರೆಯಬೇಡಿ.

ಸೆಲ್ಲಿನ ಎರಡೂ ತುದಿಗಳಿಂದ ತೆಳು ಲೋಹದ ಪಟ್ಟಿಗಳು ಹಲಗೆಗೆ ಬೆಸುಗೆಯಾಗಿದ್ದವು. ಧನ ತುದಿಯ ಪಟ್ಟಿಯನ್ನು ಕಟಿಂಗ್ ಪ್ಲೇಯರಿನಿಂದ ಕತ್ತರಿಸಿದೆ. ಟೇಪ್ ಆಮೇಲೆ ಹಚ್ಚಿದರಾಯಿತು ಎಂದುಕೊಂಡದ್ದು ನನ್ನ ತಪ್ಪು. ಬಿಡಿಯಾದ ಪಟ್ಟಿ ಬಾಗಿ ಸೆಲ್ಲಿನ ಅಂಚಿಗೆ ತಗುಲಿತು. ತಗುಲಿದರೇನಂತೆ ಎಂದರೆ, ಸೆಲ್ಲಿನ ಲೋಹದ ಮೈಯೆಲ್ಲ ಋಣ ತುದಿಯೇ. ಮೇಲಿನ ಪ್ಲಾಸ್ಟಿಕ್ ಹೊದಿಕೆ ಅಂಚಿನಲ್ಲಿ ಹರಿದಿತ್ತು. ಎರಡು ಕ್ಷಣಗಳಲ್ಲಿ ಬೆರಳಿಗೆ ಬಿಸಿ ತಟ್ಟಿತು. ಪಟ್ಟಿಯನ್ನು ಸರಿಸಿ, ಅಲ್ಲೇ ಇನ್ಸುಲೇಷನ್ ಟೇಪ್ ಸುತ್ತಿ, ಅನಂತರವೇ ಎರಡನೆಯದನ್ನು ಕತ್ತರಿಸಿ ಅದಕ್ಕೂ ಸುತ್ತಿದೆ. ಸಾಧು ಎಂದಿದ್ದೆನಲ್ಲ, ಅದರ ಹಣೆಬರಹ ಇಷ್ಟು.

ಲಿಥಿಯಂ ಬ್ರಶ್ಶಿನ ಮೈಗೆ ಎಲ್ಲಿಯೂ ಬಿರುಕಿಲ್ಲ, ಪೂರ್ತಿ ಅಂಟು. ಅದನ್ನು ತೆರೆಯಬೇಕೆಂದರೆ ಗರಗಸ ಬೇಕು, ಸೆಲ್ ಎಲ್ಲಿದೆಯೆಂದು ಕಾಣದೆ ಕೊಯ್ಯಬೇಕು. ನಾನು ಮುಟ್ಟಲಿಲ್ಲ. ಬ್ರಶ್ಶಿನ ತಲೆಯನ್ನು ಮಾತ್ರ ಕಳಚಿ, ಹಿಡಿಕೆಯನ್ನು ಇಡಿಯಾಗಿ ಇ-ತ್ಯಾಜ್ಯ ಸಂಗ್ರಹ ಕೇಂದ್ರಕ್ಕೆ ಒಯ್ದೆ. ಟೇಪ್ ಸುತ್ತಿದ ನಿಕಲ್ ಸೆಲ್ ಬೇರೆ ಪ್ಲಾಸ್ಟಿಕ್ ಚೀಲದಲ್ಲಿತ್ತು. ತಗಡಿನ ಡಬ್ಬಿಯಲ್ಲಿ ಹಾಕಿ ಕುಲುಕುತ್ತ ಹೋಗುವುದಕ್ಕಿಂತ ಅದೇ ಕ್ಷೇಮ. ಅಲ್ಲಿದ್ದವರು ಟೇಪನ್ನು ಒತ್ತಿ ನೋಡಿ ಸೆಲ್ಲನ್ನು ಬ್ಯಾಟರಿ ಪೆಟ್ಟಿಗೆಗೂ, ಹಿಡಿಕೆಯನ್ನು ಇನ್ನೊಂದಕ್ಕೂ ಹಾಕಿದರು. ಮುಂದೆ ನಿಕಲ್ ಸ್ಟೇನ್‌ಲೆಸ್ ಉಕ್ಕಿಗೆ ಹೋಗಬಹುದು. ಲಿಥಿಯಂ ಸೆಲ್ ಪುಡಿಯಾಗಿ, ಆ ಕಪ್ಪು ಪುಡಿಯಿಂದ ಕೋಬಾಲ್ಟ್, ನಿಕಲ್, ಲಿಥಿಯಂ ಬೇರ್ಪಡುತ್ತವೆ.

ಚಾರ್ಜರಿನ ಪೀಠಗಳನ್ನು ಒಯ್ಯಲು ಮರೆತೆ. ಅವುಗಳಲ್ಲಿ ಬ್ಯಾಟರಿ ಇಲ್ಲ, ತಾಮ್ರವಿದೆ. ಸದ್ಯಕ್ಕೆ ಅದೇ ಡ್ರಾಯರಿನಲ್ಲಿವೆ.